ಪ್ರೈಮರಿಯಲ್ಲಿ ‘ಗೆಲ್ಲುವ ಕುದುರೆ’ಗೇ ವೋಟು ಹಾಕಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಹೋದ ವರ್ಷ ನಿಮಗೆ ಅಮೆರಿಕದ ಪೌರತ್ವ ಸಿಕ್ಕಿದೆ. ಇರುವುದು ಪೆನ್ಸಿಲ್ವೇನಿಯಾದಲ್ಲಿ. 2028ರಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಚುನಾವಣೆಯಲ್ಲಿ, ಮೊದಲ ಸಲ ವೋಟು ಹಾಕುತ್ತೀರಿ. ಈಗಿನಿಂದಲೇ ಗೆಳೆಯರೆಲ್ಲ "ನಿಮಗೆ ಯಾರು ಇಷ್ಟ ಅನ್ನೋದು ಬಿಡಿ, ನವೆಂಬರ್‌ನ ಮುಖ್ಯ ಚುನಾವಣೆಯಲ್ಲಿ ಯಾರು ಗೆಲ್ತಾರೆ ಅಂತ ನೋಡಿ" ಅನ್ನುತ್ತಿದ್ದಾರೆ. ಗೆಲ್ಲುವವರು ಯಾರು ಅಂತ ಮೊದಲೇ ತಿಳಿಯುವುದು ಹೇಗೆ?

ನಾನೂ ಪೆನ್ಸಿಲ್ವೇನಿಯಾದಲ್ಲೇ ಇದ್ದೇನೆ, ಪಿಟ್ಸ್‌ಬರ್ಗ್‌ನ ಉತ್ತರಕ್ಕೆ. 2022ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಊರಲ್ಲಿ ಟಿಕೆಟ್ ಯಾರಿಗೆ ಅಂತ ತೀರ್ಮಾನ ಮಾಡುವುದು ಹೈಕಮಾಂಡ್. ಗೆಲ್ಲುವ ಕುದುರೆ ಯಾವುದು ಅನ್ನುವ ಲೆಕ್ಕಾಚಾರವೂ ಅವರದೇ. ನಮ್ಮ ಹತ್ತಿರ ಬರುವ ಹೊತ್ತಿಗೆ ಅಭ್ಯರ್ಥಿ ಯಾರು ಅನ್ನುವುದು ಮುಗಿದ ಮಾತು. ಇಲ್ಲಿ ಹಾಗಲ್ಲ. ಟಿಕೆಟ್ ಕೊಡುವವರು ನಾವೇ. ಹಾಗಾಗಿ ಆ ಲೆಕ್ಕಾಚಾರವೂ ನಮ್ಮ ತಲೆ ಮೇಲೆ ಬೀಳುತ್ತದೆ. ಹೈಕಮಾಂಡ್ ಆದರೂ ಕ್ಷೇತ್ರಕ್ಕೆ ಜನ ಕಳಿಸಿ ವಿಚಾರಿಸುತ್ತದೆ. ನಮ್ಮ ಹತ್ತಿರ ಇರುವುದು ಟಿವಿ, ಫೋನು, ಮತ್ತೆ ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನದಲ್ಲಿ ಪುಳಿಯೋಗರೆ ತಿನ್ನುತ್ತಾ ಗೆಳೆಯರ ಜೊತೆ ಆಡುವ ಮಾತು. ಅಷ್ಟೇ ಅಲ್ವಾ?

2022ರಲ್ಲಿ ಸೆನೆಟ್‌ನಲ್ಲಿ (ಅಮೆರಿಕದ ಸಂಸತ್ತಿನ ಮೇಲ್ಮನೆ) ನಮ್ಮ ರಾಜ್ಯದ ಒಂದು ಸೀಟು ಖಾಲಿಯಾಗುತ್ತಿತ್ತು. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮುಖ್ಯವಾಗಿ ಮೂವರು ನಿಂತಿದ್ದರು. ಕಾನರ್ ಲ್ಯಾಂಬ್ ನೌಕಾಪಡೆಯ ಮರೀನ್ ದಳದಲ್ಲಿದ್ದವರು, ಆಮೇಲೆ ಸರ್ಕಾರಿ ವಕೀಲರಾಗಿದ್ದವರು. 2016ರಲ್ಲಿ ಟ್ರಂಪ್‌ಗೆ ಸುಮಾರು ಶೇ. 20ರ ಮುನ್ನಡೆ ಕೊಟ್ಟಿದ್ದ ಕ್ಷೇತ್ರದಲ್ಲಿ, 2018ರ ಉಪಚುನಾವಣೆಯಲ್ಲಿ ಸಾವಿರಕ್ಕಿಂತ ಕಡಿಮೆ ಮತಗಳಿಂದ ಗೆದ್ದಿದ್ದರು. "ಗೆಲ್ಲೋದು ನಾನೇ" ಅನ್ನುವುದೇ ಅವರ ಪ್ರಚಾರದ ತಿರುಳು. ಎರಡನೆಯವರು ಜಾನ್ ಫೆಟರ್‌ಮನ್, ಆಗ ರಾಜ್ಯದ ಲೆಫ್ಟಿನೆಂಟ್ ಗವರ್ನರ್ (ಇಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಇದು ಅದರ ಕೆಳಗಿನ ಹುದ್ದೆ). ಆರಡಿ ಎಂಟಿಂಚು ಎತ್ತರ, ಬೋಳು ತಲೆ, ಯಾವಾಗಲೂ ಹೂಡಿ (ಟೋಪಿ ಇರುವ ದೊಗಲೆ ಅಂಗಿ) ಮತ್ತು ಚಡ್ಡಿ. ಬ್ರ್ಯಾಡಕ್ ಅನ್ನುವ, ಉಕ್ಕಿನ ಉದ್ಯಮ ಕುಸಿದು ಬಡವಾದ ಊರಿನ ಮೇಯರ್ ಆಗಿದ್ದವರು. ಆ ಊರಿನ ಪಿನ್‌ಕೋಡನ್ನೇ ಕೈಮೇಲೆ ಹಚ್ಚೆ ಹಾಕಿಸಿಕೊಂಡಿದ್ದಾರೆ. ಮೂರನೆಯವರು ಮಾಲ್ಕಮ್ ಕೆನ್ಯಾಟಾ, ಫಿಲಡೆಲ್ಫಿಯಾದ ಯುವ ಶಾಸಕ. ಕಪ್ಪು ವರ್ಣೀಯರು, ತಾವು ಸಲಿಂಗಿ ಅಂತ ಬಹಿರಂಗವಾಗಿ ಹೇಳಿಕೊಂಡವರು.

ನನಗೆ ಇಷ್ಟವಾಗಿದ್ದು ಕೆನ್ಯಾಟಾ. ವೋಟು ಹಾಕಿದ್ದು ಲ್ಯಾಂಬ್‌ಗೆ.

ಯಾಕೆ? ನಮ್ಮ ಗುಂಪಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ನಮಗೇನೋ ಪರವಾಗಿಲ್ಲ. ಆದರೆ ಹಳ್ಳಿ ಕಡೆ ಬಿಳಿಯರು ಅಂಥವರಿಗೆ ವೋಟು ಹಾಕಲ್ಲ." ನಾನೂ ಹಾಗೇ ಅಂದೆ. ಹಾಗೆ ಅನ್ನುವಾಗ ನನ್ನ ಮಗಳು ಪಕ್ಕದಲ್ಲೇ ಕೂತಿದ್ದಳು. ಹೈಸ್ಕೂಲಿನಲ್ಲಿ ಓದುತ್ತಿದ್ದಳು. "ಹಾಗಾದ್ರೆ ನಾನು ಚುನಾವಣೆಗೆ ನಿಂತರೂ ನೀವು ಹೀಗೇ ಹೇಳ್ತೀರಾ ಅಮ್ಮ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಆ ಪ್ರಶ್ನೆ ಚುಚ್ಚುತ್ತದೆ. ನಾನು ನೋಡಿಯೇ ಇರದ ಯಾರೋ ಜನರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಿ, ಆ ಊಹೆಗೆ ನನ್ನ ವೋಟು ಕೊಟ್ಟಿದ್ದೆ.

ಆ ಊಹೆಯಾದರೂ ಸರಿಯಾಗಿತ್ತಾ? ಮೇ 17ಕ್ಕೆ ಪ್ರೈಮರಿ. ನಾಲ್ಕು ದಿನ ಮುಂಚೆ ಫೆಟರ್‌ಮನ್‌ಗೆ ಸ್ಟ್ರೋಕ್ ಆಯಿತು. ಮತದಾನದ ದಿನ ಅವರು ಆಸ್ಪತ್ರೆಯಲ್ಲಿದ್ದರು. ಆದರೂ ರಾಜ್ಯದ 67 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಅರವತ್ತೇಳನ್ನೂ ಗೆದ್ದರು, ಲ್ಯಾಂಬ್ ಅವರ ಸ್ವಂತ ಕೌಂಟಿಯನ್ನೂ ಸೇರಿಸಿ. ಹಳ್ಳಿಯ ಬಿಳಿಯ ಡೆಮಾಕ್ರಟರು ಅಚ್ಚುಕಟ್ಟಾದ ಸೂಟಿನ ಲ್ಯಾಂಬ್‌ಗೇ ಹಾಕುತ್ತಾರೆ ಅಂತ ನಾವು ಅಂದುಕೊಂಡಿದ್ದೆವು. ಅವರು ಹಚ್ಚೆಯ ಮನುಷ್ಯನಿಗೆ ಹಾಕಿದ್ದರು.

ನವೆಂಬರ್‌ನಲ್ಲಿ ಎದುರಾಳಿ ರಿಪಬ್ಲಿಕನ್ ಪಕ್ಷದ ಟಿವಿ ಡಾಕ್ಟರ್ ಮೆಹ್ಮೆತ್ ಓಜ್. ಅಕ್ಟೋಬರ್ 25ರ ಡಿಬೇಟಿನಲ್ಲಿ ಫೆಟರ್‌ಮನ್ ಮಾತು ತಡವರಿಸಿತು. ಪ್ರಶ್ನೆಗಳನ್ನು ಅಕ್ಷರದಲ್ಲಿ ತೋರಿಸುವ ಪರದೆ ನೋಡಿಕೊಂಡು ಉತ್ತರ ಕೊಡುತ್ತಿದ್ದರು. ನೋಡುತ್ತಾ ನನ್ನ ಕಣ್ಣಲ್ಲಿ ನೀರು ಬಂತು. "ಮುಗೀತು" ಅಂದುಕೊಂಡೆ. ಅವರು ಸುಮಾರು ಶೇ. 5ರ ಅಂತರದಿಂದ ಗೆದ್ದರು. ಆ ವರ್ಷ ಇಡೀ ದೇಶದ ಸೆನೆಟ್ ಚುನಾವಣೆಗಳಲ್ಲಿ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋದ ಸೀಟು ಅದೊಂದೇ.

ಇದರಿಂದ ಲ್ಯಾಂಬ್ ಸೋಲುತ್ತಿದ್ದರು ಅಂತ ಹೇಳಲು ಬರುವುದಿಲ್ಲ. ಇನ್ನೂ ಜಾಸ್ತಿ ಅಂತರದಿಂದ ಗೆಲ್ಲುತ್ತಿದ್ದರೇನೋ. ಕೆನ್ಯಾಟಾ ಕೂಡ ಗೆಲ್ಲುತ್ತಿದ್ದರೇನೋ. ನವೆಂಬರ್‌ನಲ್ಲಿ ಒಂದೇ ಕುದುರೆ ಓಡುತ್ತದೆ. ಲಾಯದಲ್ಲಿ ಉಳಿದ ಕುದುರೆಗಳು ಎಷ್ಟು ಓಡುತ್ತಿದ್ದವು ಅಂತ ಪರೀಕ್ಷೆ ಮಾಡುವ ದಾರಿಯೇ ಇಲ್ಲ. ಈ ಜಗಳ ಯಾವತ್ತೂ ಮುಗಿಯದಿರುವುದಕ್ಕೆ ಅದೇ ಕಾರಣ.

ಹಾಗಂತ ಗೆಲ್ಲುವ ಶಕ್ತಿ ಅನ್ನುವುದು ಬರೀ ಭ್ರಮೆ ಅಂತಲೂ ಅನ್ನಬೇಡಿ. ಅದೇ ದಿನ, ಅದೇ ಮತಪತ್ರದಲ್ಲಿ ಗವರ್ನರ್ ಚುನಾವಣೆಯೂ ಇತ್ತು. ರಿಪಬ್ಲಿಕನ್ ಪ್ರೈಮರಿಯಲ್ಲಿ ಡಗ್ ಮಾಸ್ಟ್ರಿಯಾನೊ ಗೆದ್ದಿದ್ದರು. 2020ರ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನೇ ಒಪ್ಪದವರು, ಗರ್ಭಪಾತಕ್ಕೆ ಸಂಪೂರ್ಣ ನಿಷೇಧ ಬೇಕು ಅಂದವರು. ಅವರೇ ಎದುರಾಳಿಯಾಗಲಿ ಅಂತ ಡೆಮಾಕ್ರಟ್ ಜಾಶ್ ಶಪೀರೊ ಅವರ ಪ್ರಚಾರ ತಂಡ ಪ್ರೈಮರಿ ಹೊತ್ತಿನಲ್ಲೇ ಟಿವಿಯಲ್ಲಿ ಮಾಸ್ಟ್ರಿಯಾನೊ ಬಗ್ಗೆ ಜಾಹೀರಾತು ಹಾಕಿತ್ತು. ‘ಇವರು ಟ್ರಂಪ್‌ಗೆ ತುಂಬಾ ಹತ್ತಿರ’ ಅನ್ನುವ ಧಾಟಿಯ ಜಾಹೀರಾತು. ರಿಪಬ್ಲಿಕನ್ ಮತದಾರರ ಕಿವಿಗೆ ಅದು ಹೊಗಳಿಕೆ. (ಈ ಆಟ ನನಗೆ ಸ್ವಲ್ಪವೂ ಇಷ್ಟವಿಲ್ಲ. ಒಂದು ವೇಳೆ ಅವರೇ ಗೆದ್ದುಬಿಟ್ಟಿದ್ದರೆ?) ಶಪೀರೊ ಸುಮಾರು ಶೇ. 15ರ ಅಂತರದಿಂದ ಗೆದ್ದರು.

ಈ ಎರಡು ಅಂತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ರಾಜ್ಯ, ಒಂದೇ ದಿನ, ಒಂದೇ ಪಕ್ಷ. ಒಬ್ಬರಿಗೆ 5, ಇನ್ನೊಬ್ಬರಿಗೆ 15. ಅಂದರೆ ಶಪೀರೊಗೆ ಹಾಕಿ, ಸೆನೆಟ್‌ಗೆ ಬಂದಾಗ ಓಜ್‌ಗೆ ಹಾಕಿದವರು ಲಕ್ಷಗಟ್ಟಲೆ ಇದ್ದರು. ಅಭ್ಯರ್ಥಿ ಯಾರು ಅನ್ನುವುದು ಖಂಡಿತ ಲೆಕ್ಕಕ್ಕೆ ಬರುತ್ತದೆ. ಜನ ಮಾಸ್ಟ್ರಿಯಾನೊ ಅವರನ್ನು ಬಿಟ್ಟಿದ್ದು ಬಣ್ಣಕ್ಕೋ ಬಟ್ಟೆಗೋ ಅಲ್ಲ. ಅವರ ನಿಲುವು ರಾಜ್ಯದ ಜನ ಒಪ್ಪುವುದಕ್ಕಿಂತ ತುಂಬಾ ಆಚೆಗಿತ್ತು.

ಹಾಗಾಗಿ ನಾನು ಈಗ ಈ ಲೆಕ್ಕವನ್ನು ಬೇಡದವರನ್ನು ಕೈಬಿಡುವುದಕ್ಕೆ ಮಾತ್ರ ಬಳಸುತ್ತೇನೆ, ಬೇಕಾದವರನ್ನು ಆರಿಸುವುದಕ್ಕಲ್ಲ. ನನ್ನ ಪಕ್ಷದ ಅಭ್ಯರ್ಥಿ ರಾಜ್ಯದ ಬಹುಪಾಲು ಜನ ಒಪ್ಪದ ಮಾತನ್ನೇ ಪಟ್ಟು ಹಿಡಿದು ಹೇಳುತ್ತಿದ್ದಾರಾ? ಹಾಗಿದ್ದರೆ ಯೋಚಿಸುತ್ತೇನೆ. ಹಿಂದೆ ನಿಂತಾಗ ಅದೇ ಮತಪತ್ರದಲ್ಲಿದ್ದ ಪಕ್ಷದ ಬೇರೆಯವರಿಗಿಂತ ಜಾಸ್ತಿ ಮತ ತಂದಿದ್ದಾರಾ, ಕಡಿಮೆಯಾ? ಇದು ಊಹೆ ಅಲ್ಲ, ಕೌಂಟಿವಾರು ಲೆಕ್ಕ ಎಲ್ಲರಿಗೂ ಸಿಗುತ್ತದೆ. ಬೈಗುಳ ಬಂದಾಗ, ಆರೋಪ ಬಂದಾಗ ಹೇಗೆ ನಿಲ್ಲುತ್ತಾರೆ? 2004ರಲ್ಲಿ ನಮ್ಮ ಪಕ್ಷ ಅಧ್ಯಕ್ಷ ಚುನಾವಣೆಗೆ ಜಾನ್ ಕೆರಿಯನ್ನು ಆರಿಸಿದ್ದಕ್ಕೆ ಒಂದು ದೊಡ್ಡ ಕಾರಣ, ಅವರು ವಿಯೆಟ್ನಾಂ ಯುದ್ಧದ ವೀರ, ಎದುರಾಳಿ ಬುಷ್‌ಗೆ ಕೆರಿ ಮೇಲೆ ಬೀಳಲು ಆಗಲ್ಲ ಅನ್ನುವುದು. ಎದುರಿನವರು ಹೊಡೆದಿದ್ದು ಆ ಯುದ್ಧದ ದಾಖಲೆಗೇ. ಉತ್ತರ ಕೊಡುವುದು ತಡವಾಯಿತು. ಕೆರಿ ಸೋತರು.

ಇಷ್ಟರಲ್ಲಿ ಪಾಸಾದವರು ಇಬ್ಬರೋ ಮೂವರೋ ಉಳಿಯುತ್ತಾರೆ. ಅವರಲ್ಲಿ ಮನಸ್ಸಿಗೆ ಹತ್ತಿರವಾದವರಿಗೆ ಹಾಕುತ್ತೇನೆ. ಅಲ್ಲಿ ‘ಬೇರೆಯವರು ಒಪ್ಪಲ್ಲ’ ಅನ್ನುವ ಮಾತಿಗೆ ಜಾಗ ಕೊಡುವುದಿಲ್ಲ.

ಆ ಮಾತು ಎಷ್ಟು ಬೇಗ ಬದಲಾಗುತ್ತದೆ ಅಂತ 2008ರಲ್ಲೇ ನೋಡಿದ್ದೇವೆ. ಆ ವರ್ಷದ ಅಧ್ಯಕ್ಷರ ಪ್ರೈಮರಿಗೆ ದಕ್ಷಿಣ ಕ್ಯಾರೊಲಿನಾ ರಾಜ್ಯದ ಎಷ್ಟೋ ಕಪ್ಪು ಮತದಾರರು ಮೊದಲು ಒಬಾಮಾ ಬಗ್ಗೆ ಹಿಂದೆಮುಂದೆ ನೋಡುತ್ತಿದ್ದರು. ಪ್ರೀತಿ ಇಲ್ಲದ್ದಕ್ಕಲ್ಲ. ಬಿಳಿಯರು ಹಾಕಲ್ಲ ಅನ್ನುವ ಭಯಕ್ಕೆ. ಜನವರಿ 3ಕ್ಕೆ, ಬಹುಪಾಲು ಬಿಳಿಯರೇ ಇರುವ ಅಯೋವಾ ರಾಜ್ಯದಲ್ಲಿ ಪಕ್ಷದೊಳಗಿನ ಸ್ಪರ್ಧೆಯನ್ನು ಒಬಾಮಾ ಗೆದ್ದರು. ಮೂರು ವಾರ ಕಳೆದು ದಕ್ಷಿಣ ಕ್ಯಾರೊಲಿನಾದಲ್ಲಿ ಅವರಿಗೆ ಶೇ. 55ರಷ್ಟು ಮತ. ಮೂರು ವಾರದಲ್ಲಿ ಒಬಾಮಾ ಬದಲಾಗಲಿಲ್ಲ, ಅವರ ಬಗ್ಗೆ ಇದ್ದ ಊಹೆ ಬದಲಾಯಿತು. ನಾವು ‘ಗೆಲ್ಲಲ್ಲ’ ಅಂತ ವೋಟು ಹಾಕದಿದ್ದರೆ ಅವರು ಗೆಲ್ಲುವುದಿಲ್ಲ. ಆಮೇಲೆ "ನೋಡಿ, ಹೇಳಿರಲಿಲ್ವಾ" ಅನ್ನುವವರೂ ನಾವೇ.

ಇನ್ನೊಂದು ವಿಷಯ. ಗೆಲ್ಲುವ ಶಕ್ತಿ ಯಾರಿಗೂ ಶಾಶ್ವತ ಅಲ್ಲ. 2020ರಲ್ಲಿ ಬೈಡನ್ ಅವರನ್ನು ಆರಿಸಿದ್ದೇ ಟ್ರಂಪ್ ಎದುರು ಗೆಲ್ಲುತ್ತಾರೆ ಅಂತ, ಗೆದ್ದರು ಕೂಡ. ನಾಲ್ಕೇ ವರ್ಷಕ್ಕೆ, 2024ರ ಜುಲೈನಲ್ಲಿ, ಗೆಲ್ಲುವುದಿಲ್ಲ ಅನ್ನುವ ಭಯದಿಂದ ಸ್ವಂತ ಪಕ್ಷದವರೇ ಒತ್ತಾಯ ಮಾಡಿ ಅವರು ಹಿಂದೆ ಸರಿಯಬೇಕಾಯಿತು. ನಮ್ಮ ರಾಜ್ಯದ ಡೇವ್ ಮೆಕಾರ್ಮಿಕ್ 2022ರ ರಿಪಬ್ಲಿಕನ್ ಸೆನೆಟ್ ಪ್ರೈಮರಿಯಲ್ಲಿ ಓಜ್ ಎದುರು ಸಾವಿರಕ್ಕಿಂತ ಕಡಿಮೆ ಮತಗಳಿಂದ ಸೋತವರು. ಅದಕ್ಕೂ ಮುಂಚೆ ಮೂರು ಸಲ ಗೆದ್ದಿದ್ದ ಡೆಮಾಕ್ರಟ್ ಬಾಬ್ ಕೇಸಿ ಅವರನ್ನೇ 2024ರಲ್ಲಿ ಸೋಲಿಸಿ ಸೆನೆಟ್‌ಗೆ ಹೋದರು.

ಗೆದ್ದ ಮೇಲೆ ಏನು ಮಾಡುತ್ತಾರೆ ಅನ್ನುವುದನ್ನೂ ಮರೆಯಬೇಡಿ. ಫೆಟರ್‌ಮನ್ ಅವರನ್ನು ಎಡಪಂಥೀಯ ಅಂತ ನಂಬಿ ಹಾಕಿದ ನನ್ನ ಕೆಲವು ಗೆಳೆಯರಿಗೆ ಈಗ ತುಂಬಾ ಬೇಜಾರಿದೆ. "ನಾನು ಆ ಗುಂಪಿನವನಲ್ಲ" ಅಂತ ಅವರೇ ಹೇಳಿಬಿಟ್ಟರು. ಪ್ರೈಮರಿಯ ಹೊತ್ತಿನಲ್ಲಿ ನಾವೆಲ್ಲ ಗೆಲುವಿನ ಮಾತೇ ಆಡಿದೆವು. ಅವರ ನಿಲುವಿನ ಬಗ್ಗೆ ಕೇಳಿದ್ದು ಕಡಿಮೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ದೇಶದ ಎಲ್ಲ ಕಡೆ ಜನ "ಪೆನ್ಸಿಲ್ವೇನಿಯಾದ ಮತದಾರ ಏನಂತಾನೆ" ಅಂತ ಊಹಿಸುತ್ತಾ ಕೂತಿರುತ್ತಾರೆ. 2016ರಲ್ಲಿ ಇಲ್ಲಿ ಟ್ರಂಪ್ ಗೆದ್ದ ಅಂತರ ಸುಮಾರು 44,000 ಮತ. 2020ರಲ್ಲಿ ಬೈಡನ್ ಗೆದ್ದಿದ್ದು ಸುಮಾರು 80,000ದಿಂದ. 2024ರಲ್ಲಿ ಮತ್ತೆ ಟ್ರಂಪ್, ಸುಮಾರು 1,20,000. ಆ ಮತದಾರ ನಿಮ್ಮ ಪಕ್ಕದ ಮನೆಯಲ್ಲೇ ಇದ್ದಾನೆ. ಸುಮ್ನೆ ಊಹೆ ಮಾಡುವ ಬದಲು ಕೇಳಿ. ನನ್ನ ಪಕ್ಕದ ಮನೆಯವರು ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದವರು, ಟ್ರಂಪ್‌ಗೆ ಹಾಕುವವರು. 2022ರಲ್ಲಿ ಮಾತ್ರ ಶಪೀರೊ ಮತ್ತು ಫೆಟರ್‌ಮನ್ ಇಬ್ಬರಿಗೂ ಹಾಕಿದ್ದರಂತೆ. ಯಾಕೆ ಅಂತ ಕೇಳಿದೆ. "ಓಜ್ ನ್ಯೂಜೆರ್ಸಿಯವನು, ನಮ್ಮವನಲ್ಲ" ಅಂದರು. ಹಚ್ಚೆ, ಚಡ್ಡಿ, ಸ್ಟ್ರೋಕ್ ಯಾವುದೂ ಅವರ ಲೆಕ್ಕದಲ್ಲಿ ಇರಲೇ ಇಲ್ಲ. ನಾವು ದೇವಸ್ಥಾನದಲ್ಲಿ ಕೂತು ವಾರಗಟ್ಟಲೆ ಮಾಡಿದ ಲೆಕ್ಕದಲ್ಲಿ ನ್ಯೂಜೆರ್ಸಿ ಇರಲಿಲ್ಲ.

ಕೊನೆಗೆ ಒಂದು ಕೆಲಸದ ಮಾತು. ನಮ್ಮ ರಾಜ್ಯದಲ್ಲಿ ಪಕ್ಷದ ಹೆಸರಿನಲ್ಲಿ ನೋಂದಣಿ ಮಾಡಿಸಿದವರಿಗೆ ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ವೋಟು. ನೋಂದಣಿ ಮಾಡಿಸುವಾಗ ಯಾವ ಪಕ್ಷವನ್ನೂ ಗುರುತು ಮಾಡದಿದ್ದರೆ ಅಭ್ಯರ್ಥಿ ಆರಿಸುವ ಮತಪತ್ರ ನಿಮಗೆ ಸಿಗುವುದಿಲ್ಲ. ಹೊಸದಾಗಿ ಪೌರರಾದ ನಮ್ಮವರು ಎಷ್ಟೋ ಜನ ಮತಗಟ್ಟೆಗೆ ಹೋಗಿ ಆಮೇಲೆ ಪೆಚ್ಚಾಗಿದ್ದಾರೆ. ಪ್ರೈಮರಿಗೆ ಕನಿಷ್ಠ 15 ದಿನ ಮುಂಚೆ ಸರಿಪಡಿಸಿಕೊಳ್ಳಬೇಕು. ಅಧ್ಯಕ್ಷರ ಪ್ರೈಮರಿ ಇಲ್ಲಿ ಸಾಮಾನ್ಯವಾಗಿ ಏಪ್ರಿಲ್ ಕೊನೆಗೆ ಬರುತ್ತದೆ. ಒಂದೊಂದು ರಾಜ್ಯ ಒಂದೊಂದು ದಿನ ಮತ ಹಾಕುವುದರಿಂದ ಅಷ್ಟು ಹೊತ್ತಿಗೆ ಎಷ್ಟೋ ಸಲ ಸ್ಪರ್ಧೆ ಮುಗಿದೇ ಹೋಗಿರುತ್ತದೆ. 2020ರಲ್ಲಿ ಕೋವಿಡ್‌ನಿಂದ ಜೂನ್ 2ಕ್ಕೆ ಹೋಯಿತು, ಬೈಡನ್ ಎದುರು ಪೈಪೋಟಿಯಲ್ಲಿದ್ದ ಬರ್ನಿ ಸ್ಯಾಂಡರ್ಸ್ ಏಪ್ರಿಲ್‌ನಲ್ಲೇ ಹಿಂದೆ ಸರಿದಿದ್ದರು. ಹಾಗಾಗಿ ನಿಮಗೆ ಯಾರಾದರೂ ನಿಜವಾಗಿ ಇಷ್ಟವಾದರೆ ಏಪ್ರಿಲ್‌ವರೆಗೆ ಕಾಯಬೇಡಿ. ಚಳಿಗಾಲದಲ್ಲೇ ಅವರ ಪ್ರಚಾರಕ್ಕೆ ಒಂದು ಶನಿವಾರ ಕೊಡಿ, ಫೋನ್ ಮಾಡುವ ಕೆಲಸವಾದರೂ ಸರಿ. ನಾನು ಕೆನ್ಯಾಟಾಗೆ ಅದನ್ನೂ ಮಾಡಲಿಲ್ಲ.