ಉತ್ತರದ ಇ-ಮೇಲ್‌ನಲ್ಲಿ ದಪ್ಪಕ್ಷರವೂ ಸಹಿಯೂ ಕಾಣೆಯಾಗುವುದೇಕೆ?

ಪ್ರಶ್ನೆ: ನಾನು ಪತ್ತಿನ ಸಹಕಾರ ಸಂಘವೊಂದರಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಹೊಸದಾಗಿ ಬರೆಯುವ ಮೇಲ್‌ಗಳಲ್ಲಿ ದಪ್ಪಕ್ಷರ, ಕೋಷ್ಟಕ, ಸಂಘದ ಲಾಂಛನವಿರುವ ಸಹಿ ಎಲ್ಲವೂ ಸರಿಯಾಗಿರುತ್ತವೆ. ನಮ್ಮ ಲೆಕ್ಕಪರಿಶೋಧಕರ ಮೇಲ್‌ಗಳಿಗೆ ಉತ್ತರಿಸುವಾಗ ಮಾತ್ರ ಇವೆಲ್ಲ ಮಾಯವಾಗಿ, ಸಹಿಯ ಜಾಗದಲ್ಲಿ ಬರೀ ಹೆಸರು ಮತ್ತು ಫೋನ್ ನಂಬರ್ ಉಳಿಯುತ್ತವೆ. ಅವರ ಸರ್ವರ್ ಇವನ್ನು ತೆಗೆದುಹಾಕುತ್ತಿದೆಯೇ?
— ಓದುಗರು, ಶಿರಸಿ

ಉತ್ತರ: ಇಲ್ಲ. ಅವು ದಾರಿಯಲ್ಲಿ ಕಳೆದುಹೋಗುತ್ತಿಲ್ಲ. ನೀವು ‘ರಿಪ್ಲೈ’ ಒತ್ತಿದ ಕ್ಷಣದಲ್ಲಿ, ನಿಮ್ಮ ಕಂಪ್ಯೂಟರಿನಲ್ಲಿಯೇ, ಅವುಗಳಿಗೆ ಜಾಗವಿಲ್ಲದ ಹಾಳೆಯೊಂದು ತೆರೆದುಕೊಳ್ಳುತ್ತಿದೆ.

ಇ-ಮೇಲ್ ಮೂಲತಃ ಬರಿಯ ಅಕ್ಷರಗಳ ಸಾಲು. 1982ರಲ್ಲಿ ಬಂದ ಆರ್‌ಎಫ್‌ಸಿ 822 ಎಂಬ ಮಾನದಂಡವು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಚಿಹ್ನೆಗಳಿಗಷ್ಟೇ ಅವಕಾಶ ಕೊಟ್ಟಿತ್ತು. ಚಿತ್ರ, ಲಗತ್ತು, ಅನ್ಯ ಲಿಪಿಗಳು ಮೇಲ್‌ನೊಳಗೆ ಕ್ರಮಬದ್ಧವಾಗಿ ಸೇರಲು ಸಾಧ್ಯವಾದದ್ದು 1992ರಲ್ಲಿ ಮೈಮ್ ಎಂಬ ವ್ಯವಸ್ಥೆ ಬಂದ ಮೇಲೆ. ಇಂದು ಅಲಂಕಾರವಿರುವ ಮೇಲ್ ಸಾಮಾನ್ಯವಾಗಿ ಎರಡು ಪ್ರತಿಗಳನ್ನು ಹೊತ್ತು ಹೋಗುತ್ತದೆ: ಒಂದು ಎಚ್‌ಟಿಎಂಎಲ್ ಪ್ರತಿ, ಇನ್ನೊಂದು ಪ್ಲೇನ್ ಟೆಕ್ಸ್ಟ್ ಪ್ರತಿ. ಪಡೆಯುವವರ ತಂತ್ರಾಂಶ ತನಗೆ ಒಗ್ಗುವುದನ್ನು ಆರಿಸಿ ತೋರಿಸುತ್ತದೆ. ದಪ್ಪಕ್ಷರ, ಬಣ್ಣ, ಫಾಂಟ್, ಕೋಷ್ಟಕದ ಗೆರೆ, ಸಾಲುಗಳ ನಡುವೆ ಕೂರುವ ಚಿತ್ರ ಇವೆಲ್ಲವೂ ಎಚ್‌ಟಿಎಂಎಲ್‌ನ ಗುರುತುಗಳಿಂದ ಆದವು. ‘ಈ ಪದ ದಪ್ಪವಾಗಿರಲಿ’ ಎಂದು ಹೇಳುವ ಸಾಧನವೇ ಪ್ಲೇನ್ ಟೆಕ್ಸ್ಟ್‌ನಲ್ಲಿ ಇಲ್ಲವಾದ್ದರಿಂದ, ಅಲ್ಲಿ ಅಕ್ಷರಗಳು ಉಳಿಯುತ್ತವೆ, ಅವುಗಳ ರೂಪ ಉಳಿಯುವುದಿಲ್ಲ.

ಇನ್ನು ಈ ತೊಂದರೆ ಉತ್ತರಗಳಲ್ಲಿ ಮಾತ್ರ ಏಕೆ ಎಂಬ ಪ್ರಶ್ನೆ. ಬಂದ ಮೇಲ್ ಯಾವ ರೂಪದಲ್ಲಿದೆಯೋ ಅದೇ ರೂಪದಲ್ಲಿ ಉತ್ತರವನ್ನು ತೆರೆಯುವುದು ಔಟ್‌ಲುಕ್‌ನ ರೂಢಿ. ನಿಮ್ಮ ಲೆಕ್ಕಪರಿಶೋಧಕರ ತಂತ್ರಾಂಶ ಪ್ಲೇನ್ ಟೆಕ್ಸ್ಟ್‌ನಲ್ಲಿ ಕಳಿಸುತ್ತಿರಬೇಕು. ಉತ್ತರದ ಕಿಟಕಿಯ ಶೀರ್ಷಿಕೆ ಪಟ್ಟಿಯಲ್ಲಿ ವಿಷಯದ ಪಕ್ಕ ‘ಪ್ಲೇನ್ ಟೆಕ್ಸ್ಟ್’ ಎಂದು ಬರೆದಿರುತ್ತದೆ, ನೋಡಿ. ಎಲ್ಲ ಮೇಲ್‌ಗಳನ್ನೂ ಪ್ಲೇನ್ ಟೆಕ್ಸ್ಟ್‌ನಲ್ಲಿಯೇ ಓದುವ ಆಯ್ಕೆಯೊಂದು ಔಟ್‌ಲುಕ್‌ನ ‘ಟ್ರಸ್ಟ್ ಸೆಂಟರ್’ನಲ್ಲಿಯೂ ಇದೆ. ಅದನ್ನು ಯಾರಾದರೂ ಒತ್ತಿಟ್ಟಿದ್ದರೆ ಒಬ್ಬರಿಗೆ ಬರೆದ ಉತ್ತರಗಳಲ್ಲಿ ಮಾತ್ರವಲ್ಲ, ಎಲ್ಲರಿಗೆ ಬರೆದ ಉತ್ತರಗಳಲ್ಲಿಯೂ ಇದೇ ಪಾಡಾಗುತ್ತಿತ್ತು. ನಿಮ್ಮ ವಿಷಯದಲ್ಲಿ ಅದು ಕಾರಣವಲ್ಲ.

ಸಹಿಯ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. ನೀವು ಒಂದು ಸಹಿಯನ್ನು ರೂಪಿಸಿದಾಗ ಕ್ಲಾಸಿಕ್ ಔಟ್‌ಲುಕ್ ಅದನ್ನು ಎಚ್‌ಟಿಎಂಎಲ್, ರಿಚ್ ಟೆಕ್ಸ್ಟ್, ಪ್ಲೇನ್ ಟೆಕ್ಸ್ಟ್ ಎಂಬ ಮೂರು ಪ್ರತ್ಯೇಕ ಕಡತಗಳಾಗಿ ಉಳಿಸಿಕೊಳ್ಳುತ್ತದೆ ಮತ್ತು ಮೇಲ್‌ನ ರೂಪಕ್ಕೆ ತಕ್ಕ ಕಡತವನ್ನು ಹಾಕುತ್ತದೆ. ಮೂರನೆಯದರಲ್ಲಿ ಲಾಂಛನ ಇರುವುದು ಸಾಧ್ಯವೇ ಇಲ್ಲ. ಆದ್ದರಿಂದ ಉತ್ತರ ಬರೆಯಲು ತೊಡಗುವ ಮೊದಲೇ ‘ಫಾರ್ಮ್ಯಾಟ್ ಟೆಕ್ಸ್ಟ್’ ಪಟ್ಟಿಗೆ ಹೋಗಿ ‘ಎಚ್‌ಟಿಎಂಎಲ್’ ಆರಿಸಿಕೊಳ್ಳಿ. ಆಗಲೇ ಬಂದು ಕೂತಿರುವ ಬಡಕಲು ಸಹಿ ತಾನಾಗಿ ಮೈದುಂಬಿಕೊಳ್ಳುವುದಿಲ್ಲ. ಅದನ್ನು ಅಳಿಸಿ ‘ಇನ್ಸರ್ಟ್’ ಪಟ್ಟಿಯಿಂದ ಮತ್ತೆ ಸೇರಿಸಬೇಕು. ಹಾಗೆಯೇ, ಅಲಂಕರಿಸಿದ ಬರಹವನ್ನು ಒಮ್ಮೆ ಪ್ಲೇನ್ ಟೆಕ್ಸ್ಟ್‌ಗೆ ಬದಲಾಯಿಸಿದರೆ, ಮರಳಿ ಎಚ್‌ಟಿಎಂಎಲ್ ಒತ್ತಿದ ಮಾತ್ರಕ್ಕೆ ಹಳೆಯ ರೂಪ ಹಿಂದಿರುಗುವುದಿಲ್ಲ.

ಉತ್ತರಗಳಲ್ಲಿ ಸಹಿ ಪೂರ್ತಿಯಾಗಿಯೇ ಇಲ್ಲವಾದರೆ ಅದು ಬೇರೆ ತೊಂದರೆ. ಹೊಸ ಮೇಲ್‌ಗೆ ಒಂದು ಸಹಿ, ಉತ್ತರಕ್ಕೆ ಇನ್ನೊಂದು ಸಹಿ ಎಂದು ಔಟ್‌ಲುಕ್ ಮತ್ತು ಜಿಮೇಲ್ ಎರಡರಲ್ಲಿಯೂ ಪ್ರತ್ಯೇಕವಾಗಿ ಆರಿಸಬೇಕಾಗುತ್ತದೆ. ಎರಡನೆಯದನ್ನು ಖಾಲಿ ಬಿಟ್ಟವರೇ ಹೆಚ್ಚು. ಜಿಮೇಲ್‌ನಲ್ಲಿ ಸಹಿ ಕೆಲವೊಮ್ಮೆ ಹಳೆಯ ಮೇಲ್‌ನ ಉಲ್ಲೇಖದ ಕೆಳಗೆ, ಮೂರು ಚುಕ್ಕಿಗಳ ಹಿಂದೆ ಅಡಗಿರುತ್ತದೆ. ಉಲ್ಲೇಖಕ್ಕಿಂತ ಮೇಲೆ ಸಹಿ ಬರಲಿ ಎಂಬ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲಿದೆ.

ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಮೊಬಲಗುಗಳಿರುವ ಕೋಷ್ಟಕವನ್ನು ಲೆಕ್ಕಪರಿಶೋಧಕರಿಗೆ ಮೇಲ್‌ನ ಮೈಯಲ್ಲಿ ಕಳಿಸಬೇಡಿ. ನೀವು ಎಚ್‌ಟಿಎಂಎಲ್‌ನಲ್ಲಿ ಕಳಿಸಿದರೂ ಅವರು ಪ್ಲೇನ್ ಟೆಕ್ಸ್ಟ್‌ನಲ್ಲಿ ಓದುವವರಾದರೆ ಕಂಬಸಾಲುಗಳು ಕುಸಿದು, ಯಾವ ಮೊತ್ತ ಯಾವ ಖಾತೆಯದು ಎಂಬುದೇ ತಿಳಿಯದಾಗುತ್ತದೆ. ಎಕ್ಸೆಲ್ ಅಥವಾ ಪಿಡಿಎಫ್ ಲಗತ್ತಿಸುವುದು ಕ್ಷೇಮ. ಸಹಿಯಲ್ಲಿನ ಲಾಂಛನದ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ: ಹತ್ತು ಸಲ ಉತ್ತರ ಪ್ರತ್ಯುತ್ತರವಾದ ಮೇಲ್‌ನಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಬಂದು ಸೇರಿರುತ್ತದೆ. ಸಂಘದ ಹೆಸರು, ನಿಮ್ಮ ಹುದ್ದೆ, ವಿಳಾಸ ಮಾತ್ರ ಚಿತ್ರದೊಳಗೆ ಅಲ್ಲದೆ ಅಕ್ಷರಗಳಲ್ಲಿಯೇ ಇರಲಿ.

ಪ್ರಶ್ನೆ: ನಾನು ಕನ್ನಡದಲ್ಲಿ ಕಳಿಸಿದ ಮೇಲ್‌ಗೆ ಬಂದ ಉತ್ತರದಲ್ಲಿ, ಕೆಳಗೆ ಉಲ್ಲೇಖವಾಗಿರುವ ನನ್ನದೇ ಬರಹವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆ. ಪ್ಲೇನ್ ಟೆಕ್ಸ್ಟ್‌ಗೆ ಕನ್ನಡ ಬರುವುದಿಲ್ಲವೇ?
— ಓದುಗರು, ಗದಗ

ಉತ್ತರ: ಧಾರಾಳವಾಗಿ ಬರುತ್ತದೆ, ಬರಹವು ಬೇರೆ ಬೇರೆ ಲಿಪಿಗಳಿಗೆ ಪ್ರತ್ಯೇಕ ಸಂಕೇತಗಳನ್ನು ಕೊಡುವ ಯೂನಿಕೋಡ್‌ನಲ್ಲಿದ್ದರೆ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ. ನೀವು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಬೆರಳಚ್ಚಿಸಿದ್ದೀರಿ ಎಂದು ಊಹಿಸುತ್ತೇನೆ. ಆ ಫಾಂಟ್‌ಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ರೋಮನ್ ಲಿಪಿಯ ಸಂಕೇತಗಳನ್ನೇ. ಫಾಂಟ್ ಅವುಗಳಿಗೆ ಕನ್ನಡದ ಮುಖವಾಡ ತೊಡಿಸುತ್ತದೆ. ಉತ್ತರ ಪ್ಲೇನ್ ಟೆಕ್ಸ್ಟ್ ಆದಾಗ ಫಾಂಟ್‌ನ ಹೆಸರು ಬಿದ್ದುಹೋಗಿ ಒಳಗಿನ ಸಂಕೇತಗಳು ಬಯಲಾಗುತ್ತವೆ. ನುಡಿ ಮತ್ತು ಬರಹ ತಂತ್ರಾಂಶಗಳ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್‌ನಲ್ಲಿಯೇ ಬೆರಳಚ್ಚಿಸಬಹುದು, ಹಳೆಯ ಬರಹವನ್ನು ಪರಿವರ್ತಿಸಲೂಬಹುದು.

ಇಂಗ್ಲಿಷ್ ಅಕ್ಷರಗಳ ಬದಲು ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳೇ ಕಂಡರೆ ರೋಗ ಬೇರೆ. ಕನ್ನಡಕ್ಕೆ ಸ್ಥಾನವಿಲ್ಲದ ಸಂಕೇತಪದ್ಧತಿಯಲ್ಲಿ ಯಾರದೋ ತಂತ್ರಾಂಶ ಮೇಲ್ ಅನ್ನು ಉಳಿಸಿದೆ ಎಂದರ್ಥ. ಕಳಿಸುವವರು ತಮ್ಮ ಸೆಟ್ಟಿಂಗ್ಸ್‌ನಲ್ಲಿ ಯೂನಿಕೋಡ್‌ನ ಸಂಕೇತಪದ್ಧತಿಯಾದ ಯುಟಿಎಫ್-8 ಆರಿಸಿದರೆ ಮುಂದಿನ ಮೇಲ್‌ಗಳು ಸರಿಹೋಗುತ್ತವೆ. ಮೊದಲ ಬಗೆಯ ಬರಹಕ್ಕೆ ಅದೇ ಫಾಂಟ್ ಮತ್ತೆ ಹಾಕಿದರೆ ಸಾಮಾನ್ಯವಾಗಿ ಕನ್ನಡ ಮರಳುತ್ತದೆ. ಪ್ರಶ್ನಾರ್ಥಕಗಳಾದ ಅಕ್ಷರಗಳನ್ನು ಮಾತ್ರ ಆ ಮೇಲ್‌ನಿಂದ ಮರಳಿ ಪಡೆಯಲಾಗದು, ನಿಮ್ಮ ‘ಸೆಂಟ್’ ಪೆಟ್ಟಿಗೆಯಲ್ಲಿರುವ ಮೂಲಪ್ರತಿಯನ್ನೇ ತೆರೆಯಬೇಕು.