ಧ್ವನಿಪೆಟ್ಟಿಗೆಯ ಪ್ಯಾಪಿಲೋಮ ಶ್ವಾಸಕೋಶಕ್ಕೆ ಇಳಿದಾಗ

ಧ್ವನಿಪೆಟ್ಟಿಗೆಯ ಪ್ಯಾಪಿಲೋಮಕ್ಕಾಗಿ (ನರಹುಲಿಯಂಥ ಬೆಳವಣಿಗೆಗಾಗಿ) ಹಲವು ಬಾರಿ ಶಸ್ತ್ರಚಿಕಿತ್ಸೆಯಾದ ನಿಮ್ಮ ಏಳು ವರ್ಷದ ಮಗನ ಸಿಟಿ ಸ್ಕ್ಯಾನ್‌ನಲ್ಲಿ ಈಗ ಶ್ವಾಸಕೋಶದೊಳಗೆ ಟೊಳ್ಳು ಗಂಟುಗಳು ಕಂಡಿವೆ, ಇದು ಕ್ಷಯವೋ ಕ್ಯಾನ್ಸರೋ ಎಂದು ಕೇಳಿದ್ದೀರಿ. ಮಕ್ಕಳ ಶ್ವಾಸಕೋಶದ ಕಾಯಿಲೆಗಳನ್ನು ನೋಡುವ ವೈದ್ಯನಾಗಿ, ಸ್ಕ್ಯಾನ್ ನೋಡದೆ ಹೇಳಬಹುದಾದಷ್ಟನ್ನು ಹೇಳುತ್ತೇನೆ.

ಹೆಚ್ಚಾಗಿ ಇದು ಅದೇ ಕಾಯಿಲೆ ಕೆಳಗೆ ಇಳಿದಿರುವುದು. ಎಚ್‌ಪಿವಿ 6 ಮತ್ತು 11 ಎಂಬ ವೈರಸ್ ಬಗೆಗಳಿಂದ, ಬಹುಮಟ್ಟಿಗೆ ಹೆರಿಗೆಯ ಸಮಯದಲ್ಲಿ ಅಂಟುವ ಈ ನರಹುಲಿಯಂಥ ಬೆಳವಣಿಗೆ (ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ) ಶ್ವಾಸಕೋಶವನ್ನು ತಲುಪುವುದು ನೂರರಲ್ಲಿ ಒಂದರಿಂದ ಮೂರು ಮಕ್ಕಳಲ್ಲಿ ಮಾತ್ರ. 11ನೆಯ ಬಗೆಯಲ್ಲಿ, ಕಾಯಿಲೆ ತೀರಾ ಎಳೆಯ ವಯಸ್ಸಿನಲ್ಲೇ ಆರಂಭವಾದವರಲ್ಲಿ ಮತ್ತು ಟ್ರಾಕಿಯಾಸ್ಟಮಿ (ಉಸಿರಾಟಕ್ಕಾಗಿ ಕತ್ತಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಇಡುವುದು) ಆದವರಲ್ಲಿ ಇದು ಹೆಚ್ಚು. ಹಾಗೆಂದು ಉಸಿರುಗಟ್ಟುವ ಮಗುವಿಗೆ ಟ್ರಾಕಿಯಾಸ್ಟಮಿ ನಿರಾಕರಿಸುವಂತಿಲ್ಲ. ಸಾಧ್ಯವಾದಷ್ಟು ಬೇಗ ಕೊಳವೆಯನ್ನು ತೆಗೆಸಬೇಕು, ಅಷ್ಟೆ.

ಸ್ಕ್ಯಾನ್‌ನಲ್ಲಿ ಟೊಳ್ಳು ಕಂಡೊಡನೆ ನಮ್ಮಲ್ಲಿ ಕ್ಷಯದ ಮಾತ್ರೆ ಆರಂಭಿಸುವ ರೂಢಿಯಿದೆ. ಆದರೆ ಚಿಕ್ಕ ಮಕ್ಕಳ ಕ್ಷಯದಲ್ಲಿ ಎದೆಯೊಳಗಿನ ದುಗ್ಧರಸ ಗ್ರಂಥಿಗಳು (ಲಿಂಫ್ ನೋಡ್‌ಗಳು) ಊದುವುದೇ ಸಾಮಾನ್ಯ, ಟೊಳ್ಳು ಬೀಳುವುದು ಅಪರೂಪ. ಪ್ಯಾಪಿಲೋಮದ ಗಂಟುಗಳಾದರೋ ಎರಡೂ ಶ್ವಾಸಕೋಶಗಳಲ್ಲಿ, ಅದರಲ್ಲೂ ಬೆನ್ನಿನ ಕಡೆಯ ಕೆಳಭಾಗದಲ್ಲಿ ಹಲವಾರಿದ್ದು, ದೊಡ್ಡದಾದಂತೆ ಒಳಗೆ ಟೊಳ್ಳಾಗುತ್ತವೆ. ಆದರೂ ಕಫವನ್ನೋ ಜಠರದ ದ್ರವವನ್ನೋ ಕ್ಷಯಕ್ಕಾಗಿ ಪರೀಕ್ಷಿಸದೆ ಬಿಡಬಾರದು, ಏಕೆಂದರೆ ಎರಡೂ ಒಟ್ಟಿಗೆ ಇರಬಹುದು.

ಕ್ಯಾನ್ಸರ್ ಆಗಿ ಮಾರ್ಪಡುವುದು ಅಪರೂಪವಾದರೂ, ಆ ಅಪಾಯವನ್ನು ಶ್ವಾಸಕೋಶದ ಹಂತದಲ್ಲಿ ಹಗುರವಾಗಿ ನೋಡಲಾಗದು. ಒಂದು ಗಂಟು ಮಾತ್ರ ಬೇಗ ಬೆಳೆದರೆ, ಟೊಳ್ಳಿನ ಗೋಡೆ ದಪ್ಪವಾದರೆ ಅಥವಾ ಗ್ರಂಥಿಗಳು ಊದಿದರೆ ಬಯಾಪ್ಸಿಗೆ ತಡಮಾಡಬೇಡಿ. ಟೊಳ್ಳುಗಳಲ್ಲಿ ಸೋಂಕು ತಗುಲಿ ಕೀವು ತುಂಬುವುದೂ ಉಂಟು. ಜ್ವರದೊಂದಿಗೆ ಕೆಮ್ಮು ಹೆಚ್ಚಿದರೆ ಅದೇ ದಿನ ತೋರಿಸಿ.

ಅಷ್ಟು ಆಳದ ಗಂಟುಗಳನ್ನು ಲೇಸರ್ ಆಗಲಿ ಮೈಕ್ರೋಡೆಬ್ರೈಡರ್ (ಬೆಳವಣಿಗೆಯನ್ನು ಕತ್ತರಿಸಿ ಹೀರಿ ತೆಗೆಯುವ ಉಪಕರಣ) ಆಗಲಿ ತಲುಪಲಾರದು. ಇತ್ತೀಚಿನ ವರ್ಷಗಳಲ್ಲಿ ನನಗೆ ಭರವಸೆ ಮೂಡಿಸಿರುವುದು ರಕ್ತನಾಳದ ಮೂಲಕ ಕೊಡುವ ಬೆವಾಸಿಜುಮ್ಯಾಬ್ ಎಂಬ ಔಷಧ. ಪ್ಯಾಪಿಲೋಮಕ್ಕೆ ಆಹಾರವೊದಗಿಸುವ ಹೊಸ ರಕ್ತನಾಳಗಳ ಬೆಳವಣಿಗೆಯನ್ನು ಅದು ತಡೆಯುತ್ತದೆ. ಗಂಟಲಿನ ಬೆಳವಣಿಗೆಗಳು ಅದರಿಂದ ಬೇಗ ಕುಗ್ಗುತ್ತವೆ, ಅನೇಕ ಮಕ್ಕಳಲ್ಲಿ ಶ್ವಾಸಕೋಶದ ಗಂಟುಗಳೂ ಚಿಕ್ಕದಾಗುತ್ತವೆ. ಆದರೆ ನಿಲ್ಲಿಸಿದ ಮೇಲೆ ಮರಳಿ ಬರುವುದರಿಂದ ದೀರ್ಘಕಾಲ ಕೊಡಬೇಕಾಗಬಹುದು. ರಕ್ತದೊತ್ತಡವನ್ನೂ ಮೂತ್ರದಲ್ಲಿ ಪ್ರೋಟೀನ್ ಸೋರಿಕೆಯನ್ನೂ ನಿಯಮಿತವಾಗಿ ನೋಡುತ್ತಿರಬೇಕು. ಗಾಯ ಮಾಯುವುದನ್ನು ಈ ಔಷಧ ನಿಧಾನಗೊಳಿಸುವುದರಿಂದ, ದೊಡ್ಡ ಶಸ್ತ್ರಚಿಕಿತ್ಸೆ ಇದ್ದರೆ ಮೊದಲೇ ತಿಳಿಸಿ.

ಸಮಾಲೋಚನೆಗೆ ಹೋಗುವಾಗ ವರದಿಯ ಕಾಗದವಷ್ಟೇ ಸಾಲದು. ಹಿಂದಿನ ಎಲ್ಲ ಸ್ಕ್ಯಾನ್‌ಗಳ ಸಿ.ಡಿ.ಗಳನ್ನೂ, ಗಂಟಲಿನಿಂದ ತೆಗೆದ ಅಂಗಾಂಶದ ವೈರಸ್ ಬಗೆ ಪರೀಕ್ಷಿಸಿದ್ದರೆ ಆ ಫಲಿತಾಂಶವನ್ನೂ ಒಯ್ಯಿರಿ.