ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ

ಪ್ರಶ್ನೆ: ಮಗನಿಗೆ 9 ವರ್ಷ. ಮಾತು ಚುರುಕು, ಮಗ್ಗಿ ಬಾಯಿಪಾಠ. ಆದರೆ ಶರ್ಟಿನ ಗುಂಡಿ ಹಾಕಿಕೊಳ್ಳಲು ಬರಲ್ಲ, ಊಟಕ್ಕೆ ಕೂತರೆ ಅರ್ಧ ಸಾರು ಬಟ್ಟೆ ಮೇಲೆ. ಬರೆದದ್ದು ಅವನಿಗೇ ಓದಲಾಗದು. ಡಾಕ್ಟರು ಡಿಸ್‌ಪ್ರಾಕ್ಸಿಯಾ ಎಂದಿದ್ದಾರೆ. ಟೀಚರ್ ದಿನಾ ಎರಡು ಪುಟ ಕಾಪಿ ಬರೆಸಿ ಅಂತಾರೆ. ಅತ್ತೆ ‘ಮುದ್ದು ಮಾಡಿ ಕೆಡಿಸಿದೀಯ’ ಅಂತಾರೆ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಆ ಎರಡು ಪುಟ ನಿಲ್ಲಿಸಿ. ಟೀಚರ್‌ಗೆ ಬೇಜಾರಾದರೆ ಆಗಲಿ.

ಡಿಸ್‌ಪ್ರಾಕ್ಸಿಯಾ ಎಂದರೆ ಕೈಕಾಲಿನ ಚಲನೆಯನ್ನು ಹೊಂದಿಸಿಕೊಳ್ಳುವ ತೊಂದರೆ. ಇದು ಸೋಮಾರಿತನವೂ ಅಲ್ಲ, ದಡ್ಡತನವೂ ಅಲ್ಲ. ಯಾವ ಬೆರಳು ಮೊದಲು, ಎಷ್ಟು ಒತ್ತಬೇಕು ಎಂಬ ಲೆಕ್ಕವನ್ನು ನಮ್ಮ ಮಿದುಳು ಸದ್ದಿಲ್ಲದೆ ಹಾಕಿಬಿಡುತ್ತದೆ. ನಿಮ್ಮ ಮಗ ಅದನ್ನು ಪ್ರತಿ ಸಲವೂ ಯೋಚಿಸಿ ಮಾಡಬೇಕು. ಸಂಜೆಗೆ ಸುಸ್ತಾಗದೆ ಇರುತ್ತಾನಾ? ಶಾಲೆಗೆ ಹೋಗುವ 100 ಮಕ್ಕಳಲ್ಲಿ ಸುಮಾರು 5–6 ಮಂದಿಗೆ ಈ ತೊಂದರೆ ಇರುತ್ತದೆ. ಹ್ಯಾರಿ ಪಾಟರ್ ಪಾತ್ರ ಮಾಡಿದ ನಟ ಡೇನಿಯಲ್ ರ‍್ಯಾಡ್‌ಕ್ಲಿಫ್ ಕೂಡ ತನಗಿದೆ ಎಂದು 2008ರಲ್ಲಿ ಹೇಳಿಕೊಂಡಿದ್ದ. ಅತ್ತೆಯವರಿಗೆ ಆತ ಯಾರೋ ಏನೋ, ಮಗನಿಗೆ ಹೇಳಿ, ಖುಷಿಯಾಗುತ್ತಾನೆ.

ಅಭ್ಯಾಸ ಬೇಕು. ಆದರೆ ಯಾವ ಕೆಲಸ ಬರಬೇಕೋ ಅದನ್ನೇ ಮಾಡಿಸಬೇಕು. ಸುಮ್ನೆ ಚೆಂಡು ಹಿಸುಕಿಸಿದರೆ ಗುಂಡಿ ಹಾಕಲು ಬರುವುದಿಲ್ಲ. ಭಾನುವಾರ, ಅವಸರ ಇಲ್ಲದಾಗ, ದೊಡ್ಡ ಗುಂಡಿಯ ಶರ್ಟನ್ನು ಮೇಜಿನ ಮೇಲೆ ಹರಡಿ ಶುರು ಮಾಡಿ. ಆಮೇಲೆ ಮೈಮೇಲೆ, ಕೆಳಗಿನ ಗುಂಡಿಯಿಂದ. ಅದು ಕಣ್ಣಿಗೆ ಕಾಣುತ್ತದೆ, ಕತ್ತಿನ ಹತ್ತಿರದ್ದು ಕಾಣಲ್ಲ. ಹೀಗೆ ಮಾಡು ಹಾಗೆ ಮಾಡು ಎನ್ನಬೇಡಿ. ‘ಹಿಡಿದೆ, ತೂರಿಸಿದೆ, ಎಳೆದೆ’ ಅಂತ ಅವನೇ ಬಾಯಿಬಿಟ್ಟು ಹೇಳಿಕೊಳ್ಳಲಿ. ತಪ್ಪಿದರೆ, ಎಲ್ಲಿ ತಪ್ಪಿತು ಅಂತ ಅವನನ್ನೇ ಕೇಳಿ. ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವವಳಾಗಿ/ಕಲಿಸುವವನಾಗಿ ಅಲ್ಲ, ಕಲಿಸುವ ಚಿಕಿತ್ಸಕರ ಕೆಲಸದಲ್ಲಿ, ನಾನು ಮಾಡಿಸುವುದೂ ಇದನ್ನೇ. ಶಾಲೆಯ ದಿನ ಬೆಳಿಗ್ಗೆ ಮಾತ್ರ ಹಟ ಬೇಡ, ನೀವೇ ಹಾಕಿ ಕಳಿಸಿ. ಶೂಗೆ ಲೇಸ್ ಬದಲು ವೆಲ್ಕ್ರೋ ಇರಲಿ.

ಊಟಕ್ಕೆ ಅಂಚು ಎತ್ತರವಿರುವ ತಟ್ಟೆ, ಅದರ ಕೆಳಗೆ ಒದ್ದೆ ಬಟ್ಟೆ. ತಟ್ಟೆ ಜಾರಲ್ಲ. ಕಾಲು ನೆಲಕ್ಕೆ ತಾಗುವ ಕುರ್ಚಿಯಲ್ಲಿ ಕೂರಿಸಿ.

ಬರೆಯುವಾಗ ಒಂದು ಗೆರೆ ಬಿಟ್ಟು ಬರೆಯಲಿ. ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿದೇ ಅರ್ಧ ಗೋಜಲು ಆಗೋದು, ಅಲ್ವಾ? ಉತ್ತರ ಗೊತ್ತಿದ್ದರೆ ಬಾಯಲ್ಲಿ ಕೇಳಿ ಎಂದು ಟೀಚರ್‌ಗೆ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಗಳ ಸಾಲಿನಲ್ಲಿ ಡಿಸ್‌ಪ್ರಾಕ್ಸಿಯಾದ ಹೆಸರೂ ಇದೆ, ಅದನ್ನು ತೋರಿಸಿ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ ಕೇಳಲು ಪ್ರಮಾಣಪತ್ರ ಬೇಕಾಗುತ್ತದೆ. ಅದಕ್ಕೆ ಹತ್ತನೇ ಕ್ಲಾಸಿನವರೆಗೆ ಕಾಯಬೇಡಿ, ಜಿಲ್ಲಾಸ್ಪತ್ರೆಯಲ್ಲಿ ಈಗಲೇ ವಿಚಾರಿಸಿ.